ಅತ್ತೆಯ ಕಾರ್ಡು, ಸೊಸೆಯ ಬೀಡಿ

ಅಕ್ಕಲಕೋಟೆಯ ಆ ಹೆಣ್ಣುಮಗಳು ನನ್ನನ್ನು ಹುಡುಕಿಕೊಂಡು ಬಂದವಳಲ್ಲ. ಸೊಲ್ಲಾಪುರದ ಕೋರ್ಟಿನ ಎದುರಿಗಿರುವ ಹಳೆಯ ಕಟ್ಟಡದಲ್ಲಿ ನನ್ನ ಕಚೇರಿ ನೆಲಮಹಡಿಯಲ್ಲಿದೆ, ನನ್ನ ಹಳೆಯ ಜ್ಯೂನಿಯರಳದು ಮೊದಲ ಮಹಡಿಯಲ್ಲಿ. ಅಲ್ಲಿ ಕೂಡಲು ಜಾಗವಿಲ್ಲದೆ, ಮೆಟ್ಟಿಲ ಮೇಲೂ ಜಾಗ ಸಿಗದೆ, ಬಲಗೈಗೆ ಬಿಳಿ ಪಟ್ಟಿ ಸುತ್ತಿಕೊಂಡಿದ್ದ ಈಕೆ ಗಂಡನ ಜೊತೆ ನನ್ನ ಬಾಗಿಲಿಗೆ ಬಂದು, "ಸ್ವಲ್ಪ ಹೊತ್ತ ಇಲ್ಲಿ ಕುಂಡ್ರಬಹುದೇನ್ರಿ ಬಾಯಾರ?" ಎಂದು ಕೇಳಿದಳು. ನಾನು ಕೂಡಿಸಿದೆ, ನೀರು ಕೊಡಿಸಿದೆ, ಕೈಗೆ ಏನಾಯಿತೆಂದು ವಿಚಾರಿಸಿದೆ. ಅರ್ಧ ಗಂಟೆಯಲ್ಲಿ ವಕಾಲತ್ತಿನ ಮೇಲೆ ಆಕೆಯ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದೆ. ಹೆಮ್ಮೆಪಡುವ ಕೆಲಸವಲ್ಲ ಅದು, ಆದರೆ ಆ ದಿನ ನನಗೆ ಹೆಮ್ಮೆಯೇ ಆಗಿತ್ತು.

ಈ ಜ್ಯೂನಿಯರಳ ವಿಷಯ ಮೊದಲೇ ಹೇಳಿಬಿಡುತ್ತೇನೆ. ಆರು ವರ್ಷ ನನ್ನ ಮೇಜಿನ ಪಕ್ಕದಲ್ಲಿ ಕೂತವಳು. ಪೊಲೀಸರ ಪಂಚನಾಮೆಯಲ್ಲಿ ಟೈರಿನ ಗುರುತು ಎಲ್ಲಿಂದ ಎಲ್ಲಿಗೆ ಎಂದು ಓದುವುದರಿಂದ ಹಿಡಿದು, ಡಾಕ್ಟರನ್ನು ಕಟಕಟೆಯಲ್ಲಿ ಏನು ಕೇಳಬೇಕು, ಏನು ಕೇಳಬಾರದು ಎಂಬುದರವರೆಗೆ ನಾನೇ ಕಲಿಸಿದ್ದು. ಜಗಳವಾಡಿ ಹೋಗಿದ್ದರೆ ನನಗೆ ಎಷ್ಟೋ ಸಮಾಧಾನವಿರುತ್ತಿತ್ತು. ಕಾಲಿಗೆ ನಮಸ್ಕಾರ ಮಾಡಿ, ಹೇಳಿಯೇ ಹೋದಳು. ಈಗಲೂ ಪ್ರತಿ ದಸರೆಗೆ ಬನ್ನಿ ಹಿಡಿದುಕೊಂಡು ಬಂದು, "ಅಕ್ಕಾ, ಬಂಗಾರದಾಂಗ ಇರೂಣ್ರಿ" ಎಂದು ನನ್ನ ಕೈಯಲ್ಲಿಟ್ಟು ಹೋಗುತ್ತಾಳೆ. ಆಕೆಯನ್ನು ಬೈಯಲು ಒಂದು ಕಾರಣ ಸಿಗಲಿ ಎಂದು ನಾನು ವರ್ಷವಿಡೀ ಕಾಯುತ್ತೇನೆ, ಆಕೆ ಒಂದನ್ನೂ ಕೊಡುವುದಿಲ್ಲ.

ಅಪಘಾತದ ಪರಿಹಾರದ ಕೇಸುಗಳೇ ನಮ್ಮಿಬ್ಬರ ಕೆಲಸ. ಒಂದು ಕಾಲದಲ್ಲಿ ಅಕ್ಕಲಕೋಟೆ ರಸ್ತೆಯ ಮೇಲೆ ಯಾರಿಗೆ ಏನಾದರೂ ಅವರ ಮನೆಯವರು ನನ್ನ ಹೆಸರು ಹೇಳಿಕೊಂಡು ಬರುತ್ತಿದ್ದರು. ಈಗ ಮೇಲಿನ ಮ್ಯಾಡಮ್ ಎನ್ನುತ್ತಾರೆ. ಕೋರ್ಟಿನ ಕಾರಿಡಾರಿನಲ್ಲಿ ಆಕೆ ನಡೆದರೆ ಹಿಂದೆ ಹತ್ತು ಜನ. ನನ್ನ ಹಿಂದೆ ನನ್ನ ಟೈಪಿಸ್ಟ್, ಅವನೂ ಮೊಬೈಲು ನೋಡುತ್ತ. ಆಕೆ ಅಫಿಡವಿಟ್ ಬರೆಯುವ ಮೊದಲು ಕಕ್ಷಿದಾರರ ಮನೆಗೆ ಹೋಗಿ ನೆಲದ ಮೇಲೆ ಕೂತು ಚಹಾ ಕುಡಿದು ಬರುತ್ತಾಳೆಂದು ಬಾರ್ ರೂಮಿನಲ್ಲಿ ಮಾತು ಬಂದಾಗ ನಾನು, "ವಕೀಲಕಿಯೋ ಆಶಾ ಕಾರ್ಯಕರ್ತೆಯೋ?" ಎಂದು ನಗೆಯಾಡಿದ್ದೆ. ಎಲ್ಲರೂ ನಕ್ಕರು. ಸಂಜೆ ಆಕೆಯ ಮೆಟ್ಟಿಲ ಮೇಲಿನ ಚಪ್ಪಲಿಗಳನ್ನು ನೋಡಿ ನನ್ನ ನಗು ನನಗೇ ಕಹಿಯಾಯಿತು.

ಈಗ ಕೇಸು. ಆ ಹೆಣ್ಣುಮಗಳು ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಸೀಟಿಗಿಷ್ಟೆಂದು ಹತ್ತಿಸುವ ಆಟೋದಲ್ಲಿ ಬರುತ್ತಿದ್ದಳು. ವಳಸಂಗ ದಾಟಿದ ಮೇಲೆ ಹಿಂದಿನಿಂದ ಟೆಂಪೊ ಗುದ್ದಿತು. ಬಲಗೈ ಕಬ್ಬಿಣದ ಸರಳಿಗೆ ಸಿಕ್ಕಿತು. ತೋರುಬೆರಳನ್ನು ಬುಡದಿಂದ ತೆಗೆಯಬೇಕಾಯಿತು, ಹೆಬ್ಬೆರಳು ಇದೆ ಆದರೆ ಮಡಚುವುದಿಲ್ಲ. ಟೆಂಪೊದವನ ತಪ್ಪು ಪೊಲೀಸರ ಕಾಗದದಲ್ಲೇ ಸ್ಪಷ್ಟವಿತ್ತು, ವಿಮಾ ಕಂಪನಿಯೂ ಅದನ್ನು ಅಷ್ಟಾಗಿ ಅಲ್ಲಗಳೆಯಲಿಲ್ಲ. ಜಗಳವಿದ್ದದ್ದು ಆಕೆಯ ಕೆಲಸದ ಬಗ್ಗೆ. ಸರಕಾರಿ ವೈದ್ಯರ ಲೆಕ್ಕದಲ್ಲಿ ಎರಡು ಬೆರಳು ಇಡೀ ದೇಹದ ಸಣ್ಣದೊಂದು ಭಾಗ. ಬೀಡಿ ಕಟ್ಟುವವಳಿಗೆ ಆ ಎರಡು ಬೆರಳೇ ಇಡೀ ಕೆಲಸ. ಎಲೆ ಸುತ್ತುವುದು, ತುದಿ ಮಡಚುವುದು, ದಾರ ಬಿಗಿಯುವುದು ಎಲ್ಲ ಅವುಗಳಿಂದಲೇ. ಆಕೆ ಬೀಡಿ ಕಟ್ಟುತ್ತಿದ್ದಳೆಂದು ಕೋರ್ಟು ಒಪ್ಪಿದರೆ ದುಡಿಮೆ ಪೂರ್ತಿ ಹೋಯಿತೆಂದು ಹಿಡಿಯಬೇಕು. ಬರೀ ಮನೆಯಲ್ಲಿ ಕೂತವಳೆಂದು ಒಪ್ಪಿದರೆ ಬೆರಳಿನ ಲೆಕ್ಕ ಮಾತ್ರ. ಕೇಸಿನ ಜೀವ ಇದೊಂದರಲ್ಲಿತ್ತು.

ಸಾಕ್ಷಿಯ ಹೇಳಿಕೆಯನ್ನು ಮೊದಲು ಅಫಿಡವಿಟ್ ರೂಪದಲ್ಲಿ ಕೊಡಬೇಕು, ಆಮೇಲೆ ಎದುರಿನ ವಕೀಲರು ಪಾಟಿಸವಾಲು ಮಾಡುತ್ತಾರೆ. ಅಫಿಡವಿಟ್ ಕೊಡುವ ತಾರೀಖಿಗೆ ಇನ್ನೂ ಎರಡು ವಾರವಿತ್ತು. ಗಂಡ ಹೆಂಡತಿ ಏನೋ ಕಾಗದ ಕೊಡಲು ಬಂದಿದ್ದರು. ಗಂಡ ಸೊಲ್ಲಾಪುರದ ಟಾವೆಲ್ ಕಾರ್ಖಾನೆಯಲ್ಲಿ ಮಗ್ಗ ನಡೆಸುವವನು, ಮಾತು ಕಡಿಮೆ. ಹೊರಡುವಾಗ ಬಾಗಿಲ ಬಳಿ ನಿಂತು, "ಬಾಯಾರ, ಸಿಟ್ಟ ಆಗಬ್ಯಾಡ್ರಿ. ಮ್ಯಾಲಿನ ಮ್ಯಾಡಮ್ಮರಿಗೆ ಒಂದ್ ಸಲಾ ಕಾಗದ ತೋರಸೂಣೇನ್ರಿ? ದವಾಖಾನ್ಯಾಗ ಇನ್ನೊಬ್ಬ ಡಾಕ್ಟರಿಗೆ ತೋರಸ್ತಾರಲ್ರಿ, ಹಂಗ," ಎಂದ.

"ತೋರಸ್ರಿ," ಎಂದೆ. "ತೋರಿಸಿ ಅಲ್ಲೇ ಇದ್ದಬಿಡ್ರಿ. ನನ್ನ ಕಡೆ ಮತ್ತ ಬರೂ ಕಾರಣ ಇಲ್ಲ."

ಅವನ ಮುಖ ಸಣ್ಣದಾಯಿತು. ಹೆಂಡತಿ ಅವನ ತೋಳು ಹಿಡಿದು, "ಏನ್ ಮಾತಾಡ್ತೀರಿ ನೀವು, ಬಾಯಾರು ಬರೋಬರ ಮಾಡಾಕತ್ಯಾರ," ಎಂದಳು. ನಾನು ಅಷ್ಟಕ್ಕೆ ಬಿಡಬಹುದಿತ್ತು. ಬಿಡಲಿಲ್ಲ. ಎರಡು ವಾರ ಇವರನ್ನು ಹೊರಗೆ ಬಿಟ್ಟರೆ ಮೆಟ್ಟಿಲು ಹತ್ತಿಯೇ ಹತ್ತುತ್ತಾರೆಂದು ಹೊಟ್ಟೆಯಲ್ಲಿ ಕಿಚ್ಚು ಬಿದ್ದಂತಾಗಿ, ಇಬ್ಬರನ್ನೂ ಮತ್ತೆ ಕೂಡಿಸಿ ಟೈಪಿಸ್ಟ್‌ನನ್ನು ಕರೆದೆ. ಅಫಿಡವಿಟ್ ಇವತ್ತೇ ಆಗಲಿ, ಇವತ್ತೇ ಕೋರ್ಟಿಗೆ ಹೋಗಲಿ ಎಂದೆ. ಒಮ್ಮೆ ಅದು ದಾಖಲಾದರೆ ಮೇಲಿನವಳಿಗೆ ತೋರಿಸಲು ಏನೂ ಉಳಿಯುವುದಿಲ್ಲ.

ಹಿಂದೆ ಮಾಡಿದ ಬೀಡಿ ಕೆಲಸದವರ ಕೇಸಿನದೊಂದು ಅಫಿಡವಿಟ್ ನನ್ನ ಕಂಪ್ಯೂಟರಿನಲ್ಲಿತ್ತು. ಟೈಪಿಸ್ಟ್ ಅದನ್ನೇ ತೆರೆದು ಹೆಸರು, ಊರು, ಗಾಯ ಬದಲಿಸಿದ. ಅದರಲ್ಲಿ ಒಂದು ಸಾಲು: ಬೀಡಿ ಕಾರ್ಖಾನೆಯವರು ನನ್ನ ಹೆಸರಿನಲ್ಲಿ ಕೊಟ್ಟ ಕಾರ್ಡಿನ ಮೇಲೆ ನಾನು ಬೀಡಿ ಕಟ್ಟಿಕೊಡುತ್ತಿದ್ದೇನೆ. ಮರಾಠಿಯಲ್ಲಿದ್ದುದನ್ನು ಕನ್ನಡದಲ್ಲಿ ಆಕೆಗೆ ತಿಳಿಸಿ ಹೇಳಬೇಕು, ಅದು ನಿಯಮ. ನಾನು ಓಡಿಸಿಕೊಂಡು ಹೇಳಿದೆ. ಕಾರ್ಡಿನ ಮಾತು ಬಂದಾಗ ಆಕೆ, "ಕಾರ್ಡ ಅದರಿ. ಆದ್ರ ಅತ್ತಿಯಾರು..." ಎಂದು ಏನೋ ತೆಗೆದಳು. "ಅತ್ತಿ ಸುದ್ದಿ ಆಮ್ಯಾಲ ಹೇಳಂತಿ, ಈಗ ಒತ್ತು," ಎಂದು ಶಾಯಿಯ ಡಬ್ಬಿ ಮುಂದೆ ಸರಿಸಿದೆ. ಒತ್ತಿದಳು. ಸಂಜೆ ಐದರೊಳಗೆ ಅಫಿಡವಿಟ್ ದಾಖಲಾಯಿತು, ನಾನು ಮನೆಗೆ ಹೋಗಿ ಚೆನ್ನಾಗಿ ಊಟ ಮಾಡಿದೆ.

ಪಾಟಿಸವಾಲಿನ ದಿನ ಬಂತು. ನ್ಯಾಯಾಧೀಶರು ನಾಗಪುರದ ಕಡೆಯವರು, ಕನ್ನಡ ಬಾರದು. ಆಕೆಗೆ ಮರಾಠಿ ತಿಳಿಯುತ್ತದೆ, ಆದರೆ ಕಟಕಟೆಯಲ್ಲಿ ನಿಂತಾಗ ಬಾಯಿಗೆ ಬರುವುದು ಕನ್ನಡವೇ. ಕೋರ್ಟಿನ ಕಾರಕೂನರೊಬ್ಬರು ನಡುವೆ ನಿಂತು ಅತ್ತಿತ್ತ ಹೇಳುತ್ತಿದ್ದರು. ವಿಮಾ ಕಂಪನಿಯ ವಕೀಲರು ವಯಸ್ಸಾದವರು, ದನಿ ಎತ್ತುವವರಲ್ಲ. ಊಟ ಆಯಿತೇ ಎಂದು ಕೇಳುವ ದನಿಯಲ್ಲೇ, ನಿಮ್ಮ ಕಾರ್ಡು ತಂದಿದ್ದೀರಾ ಎಂದು ಕೇಳಿದರು.

"ಇಲ್ರಿ."

ಯಾರ ಹೆಸರಿನಲ್ಲಿದೆ ಎಂದು ಕೇಳಿದರು.

"ನಮ್ಮತ್ತಿ ಹೆಸರಿಲೆ ಅದರಿ."

ಹಾಗಾದರೆ ನನ್ನ ಹೆಸರಿನ ಕಾರ್ಡು ಎಂದು ಪ್ರಮಾಣ ಮಾಡಿದ್ದು ಸುಳ್ಳೇ ಎಂದು ಕೇಳಿದರು. ಆಕೆ ನನ್ನ ಕಡೆ ನೋಡಿದಳು. ನಾನು ಕಾಗದದೊಳಗೆ ಮುಖ ಹಾಕಿಕೊಂಡಿದ್ದೆ, ಸಾಕ್ಷಿಗೆ ಸನ್ನೆ ಮಾಡುವ ಹಾಗಿಲ್ಲ. "ಅದು ಬಾಯಾರು ಬರದಾರ್ರಿ, ನಾ ಹೆಬ್ಬೆಟ್ಟ ಒತ್ತೀನಿ," ಎಂದಳು. ನಿಮ್ಮ ಬಾಯಾರು ಏನು ಬರೆದರೂ ಒತ್ತುತ್ತೀರಿ ಅನ್ನಿ, ಎಂದು ಅವರು ಮೆಲ್ಲಗೆ ನಕ್ಕು ಕೂತರು. ನ್ಯಾಯಾಧೀಶರು ಅದನ್ನು ಹಾಗೆಯೇ ಬರೆಸಿಕೊಂಡು, ಕನ್ನಡಕದ ಮೇಲಿನಿಂದ ಒಮ್ಮೆ ನನ್ನನ್ನು ನೋಡಿದರು. ಹಾಜರುಪಡಿಸಲು ನನ್ನ ಬಳಿ ಕಾರ್ಡಿರಲಿಲ್ಲ. ಇದ್ದ ಪ್ರಮಾಣವೇ ಸುಳ್ಳಾದ ಮೇಲೆ, ಬೀಡಿ ಕಟ್ಟುತ್ತಿದ್ದಳೆಂಬ ಮಾತನ್ನು ನಂಬುವುದಾದರೂ ಏತಕ್ಕೆ?

ಹೊರಗೆ ಬಂದು ಬೆಂಚಿನ ಮೇಲೆ ಕೂತಳು. ಅಳುತ್ತಿರಲಿಲ್ಲ. "ಬಾಯಾರ, ನಾ ಸುಳ್ಳಿ ಆದ್ನೇನ್ರಿ?" ಎಂದು ಕೇಳಿದಳು. "ಲಗ್ನ ಆಗಿ ಬಂದಾಗಿಂದ ಕಟ್ಟೀನ್ರಿ. ಬಾಣಂತನದಾಗ ಸುದ್ದಾ ಕಟ್ಟೀನಿ. ಈಗ ಕಟ್ಟೇ ಇಲ್ಲಂತ ಆತಲ್ರಿ."

ಅಷ್ಟರಲ್ಲಿ ಪಕ್ಕದ ಕೋರ್ಟಿನಿಂದ ನನ್ನ ಹಳೆಯ ಜ್ಯೂನಿಯರ್ ಹೊರಗೆ ಬಂದಳು. ಯಾರೋ ಆಗಲೇ ಹೇಳಿರಬೇಕು. ಹತ್ತಿರ ಬಂದು, "ಅಕ್ಕಾ, ನನ್ನ ಕಡಿಂದ ಏನರೆ ಆಗೂದಿದ್ರ ಹೇಳ್ರಿ," ಎಂದಳು.

"ನಿನ್ನ ಕೆಲಸ ನೀ ನೋಡ್ಕೊ," ಎಂದೆ. ಅಷ್ಟು ಜನರೆದುರು. ಆಕೆ ತಲೆಯಾಡಿಸಿ ಹೋದಳು, ಸಿಟ್ಟಾದಂತೆಯೂ ಕಾಣಲಿಲ್ಲ.

ಮಾರನೆಯ ದಿನ ಅಕ್ಕಲಕೋಟೆಯ ಬಸ್ಸು ಹತ್ತಿದೆ. ಎಷ್ಟೋ ವರ್ಷಗಳ ಮೇಲೆ ಒಬ್ಬ ಕಕ್ಷಿದಾರಳ ಮನೆಗೆ ಹೋಗುತ್ತಿದ್ದೆ. ಎರಡು ಖೋಲಿಯ ಮನೆ. ಬಾಗಿಲ ಒಳಗಿನ ಬೆಳಕಿನಲ್ಲಿ ಅತ್ತೆ ಗೋಡೆಗೆ ಒರಗಿ ಕೂತಿದ್ದಳು, ಪಕ್ಕದಲ್ಲಿ ಬೀಡಿ ಕಟ್ಟುವ ಬುಟ್ಟಿ ಬೋರಲಾಗಿತ್ತು. ಅಲ್ಲಿ ಕೂತ ಹತ್ತು ನಿಮಿಷದಲ್ಲಿ, ಅಫಿಡವಿಟ್ ಬರೆಯುವ ಮೊದಲೇ ತಿಳಿಯಬೇಕಾಗಿದ್ದುದೆಲ್ಲ ತಿಳಿಯಿತು. ಆ ಓಣಿಯ ಮನೆಮನೆಯಲ್ಲೂ ಪದ್ಧತಿ ಅದೇ. ಹೊಸ ಕಾರ್ಡು ಸುಲಭವಾಗಿ ಸಿಗುವುದಿಲ್ಲ, ಹೀಗಾಗಿ ಮನೆಗೆ ಒಂದೇ ಕಾರ್ಡು, ಅದು ಹಿರಿಯಳ ಹೆಸರಿನಲ್ಲಿ. ಸೊಸೆಯಂದಿರು ಕಟ್ಟಿದ್ದೆಲ್ಲ ಅದರ ಮೇಲೆಯೇ ಹೋಗುತ್ತದೆ. ಬುಟ್ಟಿ ಹೊತ್ತು ಕಾರ್ಖಾನೆಯ ಶಾಖೆಗೆ ಹೋಗಿ ಎಣಿಸಿ ಕೊಟ್ಟು ಬರುವವಳು ಮಾತ್ರ ಅತ್ತೆ. ಈ ಅತ್ತೆಗೆ ಕಣ್ಣು ಮಂಜಾಗಿ ಆರು ವರ್ಷ. ದಾರ ಕಾಣುವುದಿಲ್ಲ, ಕೈಯೂ ನಡುಗುತ್ತದೆ. ಆರು ವರ್ಷದಿಂದ ಆ ಕಾರ್ಡಿನ ಮೇಲೆ ಹೋದ ಒಂದೊಂದು ಬೀಡಿಯೂ ಸೊಸೆ ಕಟ್ಟಿದ್ದು. ಅಪಘಾತದ ದಿನದಿಂದ ಕಾರ್ಡು ಖಾಲಿ ಬಿದ್ದಿತ್ತು.

ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಬೇರೆ ಬೇಕಿರಲಿಲ್ಲ. ಅತ್ತೆ ಕೋರ್ಟಿಗೆ ಬಂದು ಇಷ್ಟನ್ನು ಹೇಳಿದರೆ ಸಾಕಿತ್ತು.

"ನಾ ಬರೂದಿಲ್ಲ," ಎಂದಳು ಅತ್ತೆ.

"ಯಾಕ ಆಯಿ? ಸೊಸಿ ಸಲುವಾಗಿ ಅಲ್ಲೇನು?"

"ನಾ ಕಟ್ಟಿಲ್ಲಂತ ನಾನs ಹೇಳಿದ್ರ ಕಾರ್ಡ ಕಸಗೋತಾರ. ಪೆನ್ಶನ್ ಬರೂದ್ ಅದ, ಅದೂ ಹೋಗ್ತದ. ಸೊಸಿ ಕೈ ಹೋತು, ನನ್ನ ಕಾರ್ಡೂ ಹೋಗ್ಲೇನು?"

"ಏನೂ ಆಗೂದಿಲ್ಲ ಆಯಿ. ನಾ ಅದೀನಲ್ಲ."

ಮುದುಕಿ ಮಂಜುಗಣ್ಣನ್ನು ನನ್ನ ದನಿಯ ಕಡೆ ತಿರುಗಿಸಿ, "ಏನೂ ಆಗೂದಿಲ್ಲಂದ್ರ ನೀ ಯಾಕ ಇಲ್ಲಿತನಕಾ ಓಡಿ ಬಂದಿ?" ಎಂದಳು. ಸೊಸೆ ಒಲೆಯ ಬಳಿ ಎಡಗೈಯಿಂದ ಚಹಾ ಸೋಸುತ್ತಿದ್ದವಳು ತಿರುಗಿ ನೋಡಲಿಲ್ಲ. ಮೂರು ಸಲ ಹೋದೆ. ಮೂರು ಸಲವೂ ಏನೂ ಆಗುವುದಿಲ್ಲವೆಂದು ಹೇಳಿದೆ, ಮೂರು ಸಲವೂ ಮುದುಕಿ ಬರುವುದಿಲ್ಲವೆಂದಳು.

ಅತ್ತೆ ಬಂದರೂ ಇನ್ನೊಂದು ತೊಡಕು ಉಳಿಯುತ್ತಿತ್ತು. ಅಫಿಡವಿಟ್ಟಿನಲ್ಲಿ ಆ ಸಾಲು ಹೇಗೆ ಬಂತೆಂದು ಯಾರಾದರೂ ಹೇಳಲೇಬೇಕು. ಬರೆಯುವಾಗ ಇದ್ದವರು ನಾನು, ಟೈಪಿಸ್ಟ್ ಮತ್ತು ಆ ಗಂಡ ಹೆಂಡತಿ. ಬಾರ್ ರೂಮಿನಲ್ಲಿ ಹಿರಿಯರೊಬ್ಬರು, "ಟೈಪಿಂಗ್ ತಪ್ಪು ಅಂತ ಟೈಪಿಸ್ಟ್‌ನ ಕಡೆ ಹೇಳಸ್ರಿ, ಎಲ್ಲಾರೂ ಹಂಗs ಮಾಡ್ತಾರ," ಎಂದರು. ಟೈಪಿಸ್ಟ್ ತಾನಾಗಿಯೇ ಬಂದು, "ಮ್ಯಾಡಮ್, ನಾ ಹೇಳ್ತೀನ್ರಿ. ನಂದೇನ್ ಹೋಗ್ತದ?" ಎಂದ. ಹನ್ನೆರಡು ವರ್ಷ ನನ್ನ ಬಳಿ ಕೆಲಸ ಮಾಡಿದವನು. ಆತ ಪ್ರಮಾಣ ಮಾಡಿ ಸುಳ್ಳು ಹೇಳಿದರೆ ನನ್ನ ಮಾನ ಉಳಿಯುತ್ತದೆ. ಒಂದು ವಾರ ನಾನು ಅದನ್ನು ನಿಜಕ್ಕೂ ಯೋಚಿಸಿದೆ. ಯೋಚಿಸಲೇ ಇಲ್ಲವೆಂದು ಬರೆದರೆ ಅದೂ ಒಂದು ಸುಳ್ಳು ಅಫಿಡವಿಟ್ಟೇ ಆಗುತ್ತದೆ.

ಮೂರನೆಯ ಸಲ ಅಕ್ಕಲಕೋಟೆಯಿಂದ ಮರಳುವಾಗ ಬಸ್ಸು ವಳಸಂಗದಲ್ಲಿ ಬಹಳ ಹೊತ್ತು ನಿಂತಿತ್ತು. ಕಿಟಕಿಯ ಪಕ್ಕ ಕೂತು ನಾನು ಆ ಹೆಣ್ಣುಮಗಳ ಮಾತನ್ನೇ ಮೆಲುಕು ಹಾಕುತ್ತಿದ್ದೆ. ಕೈ ಹೋದದ್ದಕ್ಕಿಂತ ಸುಳ್ಳಿ ಅನ್ನಿಸಿಕೊಂಡದ್ದು ಆಕೆಗೆ ಹೆಚ್ಚಾಗಿತ್ತು. ಆ ಹೆಸರು ಆಕೆಗೆ ಕೊಟ್ಟವಳು ನಾನು. ನಾನೇ ಕಟಕಟೆ ಹತ್ತಿ ತಪ್ಪು ನನ್ನದೆಂದು ಹೇಳಬೇಕು, ಬೇರೆ ದಾರಿಯಿಲ್ಲ ಎಂದು ಅಲ್ಲೇ ತೀರ್ಮಾನಿಸಿದೆ. ಆದರೆ ಸಾಕ್ಷಿಯಾದ ವಕೀಲ ಅದೇ ಕೇಸು ನಡೆಸುವ ಹಾಗಿಲ್ಲ. ನಾನು ಬಿಡಬೇಕು, ಬೇರೆಯವರಿಗೆ ಕೊಡಬೇಕು, ಆಕ್ಷೇಪವಿಲ್ಲವೆಂದು ವಕಾಲತ್ತಿನ ಮೇಲೆ ಸಹಿ ಮಾಡಬೇಕು.

ಗಂಡ ಹೆಂಡತಿ ಇಬ್ಬರನ್ನೂ ಕರೆಸಿ ಇದೆಲ್ಲ ಹೇಳಿದೆ. ಒಳ್ಳೆಯ ವಕೀಲರೆಂದು ಇಬ್ಬರ ಹೆಸರು ಸೂಚಿಸಿದೆ, ಇಬ್ಬರೂ ಗಂಡಸರು, ಇಬ್ಬರೂ ಬೇರೆ ಕಟ್ಟಡದವರು. ಗಂಡ ನೆಲ ನೋಡುತ್ತ ನಿಂತಿದ್ದ. ಹೆಂಡತಿಯೇ ಬಾಯಿಬಿಟ್ಟಳು: "ಮ್ಯಾಲಿನ ಮ್ಯಾಡಮ್ ಬ್ಯಾಡೇನ್ರಿ, ಬಾಯಾರ?" ಆ ದನಿಯಲ್ಲಿ ಮೊಂಡುತನವಿರಲಿಲ್ಲ, ಬೇಡಿಕೆಯಿತ್ತು. ಮೈ ಪರಚಿಕೊಳ್ಳುವಂತಾಯಿತು ನನಗೆ. ಆಗಲಿ ಎಂದೆ.

ಮೆಟ್ಟಿಲು ಹತ್ತಿದೆ. ಆಕೆ ಕಚೇರಿ ಮಾಡಿದ ನಾಲ್ಕು ವರ್ಷಗಳಲ್ಲಿ ಅದೇ ಮೊದಲು. ಕಾಲಿಗೆ ಕಟ್ಟು ಹಾಕಿಕೊಂಡವರು, ಊರುಗೋಲಿನವರ ನಡುವೆ ಬೆಂಚಿನ ಮೇಲೆ ಕೂತೆ. ಒಬ್ಬ ಅಜ್ಜ ಸರಿದು ಜಾಗ ಕೊಟ್ಟು, "ನಿಮಗೆಲ್ಲಿ ಪೆಟ್ಟ ಬಿದ್ದದ್ರಿ?" ಎಂದು ಕೇಳಿದ. ಒಳಗಿಂದ ಆಕೆ ನನ್ನನ್ನು ಕಂಡು ಕುರ್ಚಿ ಬಿಟ್ಟು ಎದ್ದು ಬಂದಳು. ತನ್ನ ಕುರ್ಚಿಯಲ್ಲೇ ಕೂಡಿರೆಂದಳು. ನಾನು ಕಕ್ಷಿದಾರರ ಕುರ್ಚಿಯಲ್ಲೇ ಕೂತೆ.

ಫೈಲು ಓದಿದಳು. ಮೊದಲ ಹಾಳೆಯಿಂದ ಕೊನೆಯವರೆಗೆ ಪೂರ್ತಿ ಓದಿದಳು. ಆಮೇಲೆ, "ಅಕ್ಕಾ, ಅಪಘಾತದ ದಿನಾ ಈಕಿ ಸೊಲ್ಲಾಪುರಕ್ಕ ಯಾಕ ಬರ್ತಿದ್ಲು?" ಎಂದಳು.

"ಖಾಸಗಿ ಕೆಲಸ ಅಂತ ಬರದೀನಲ್ಲ."

"ಏನ್ ಖಾಸಗಿ ಕೆಲಸ?"

ನನಗೆ ಗೊತ್ತಿರಲಿಲ್ಲ. ಆ ಸಾಲೂ ಹಳೆಯ ಅಫಿಡವಿಟ್ಟಿನದೇ. ಆಕೆ ಅಲ್ಲಿಂದಲೇ ಅಕ್ಕಲಕೋಟೆಗೆ ಫೋನು ಹಚ್ಚಿ ಕೇಳಿದಳು. ಅತ್ತೆಯ ಕಣ್ಣಿನ ತಪಾಸಣೆಗೆ ಚೀಟಿ ತೆಗೆಸಲು ಕಣ್ಣಿನ ದವಾಖಾನೆಗೆ ಹೊರಟಿದ್ದಳಂತೆ, ಆರು ವರ್ಷದ ಹಿಂದಿನ ತಪಾಸಣೆಯ ಕಾಗದವೂ ಮನೆಯಲ್ಲಿದೆಯಂತೆ. ಮುದುಕಿಗೆ ಆರು ವರ್ಷದಿಂದ ಕಣ್ಣು ಕಾಣದೆಂಬುದಕ್ಕೆ ಆ ಕಾಗದವೇ ಆಧಾರ. ಆಕೆ ಅದನ್ನು ಫೈಲಿನ ಮೇಲೆ ಪೆನ್ಸಿಲಿನಿಂದ ಬರೆದುಕೊಂಡಳು. ಗಾಯವಾದವರನ್ನು ಮೊದಲು ಎಲ್ಲಿಗೆ ಹೊರಟಿದ್ದಿರೆಂದು ಕೇಳು ಎಂದು ನಾನೇ ಆಕೆಗೆ ಹೇಳಿಕೊಟ್ಟಿದ್ದೆ. ಯಾವಾಗ ನಾನು ಅದನ್ನು ಕೇಳುವುದು ಬಿಟ್ಟೆನೋ ನನಗೇ ನೆನಪಿಲ್ಲ. ನನ್ನ ಸೀರೆಯನ್ನೇ ಇನ್ನೊಬ್ಬಳು ನನಗಿಂತ ಚೆನ್ನಾಗಿ ಉಟ್ಟು ನಿಂತಂತೆ ಅನ್ನಿಸಿ ಹೊಟ್ಟೆ ಉರಿಯಿತು. ಆಕ್ಷೇಪವಿಲ್ಲವೆಂದು ಸಹಿ ಮಾಡಿ, ಚಹಾ ಬೇಡವೆಂದು ಹೇಳಿ ಇಳಿದು ಬಂದೆ.

ಆಕೆ ಅಕ್ಕಲಕೋಟೆಗೆ ಹೋದದ್ದು ಒಂದೇ ಸಲ. ಮುದುಕಿ ಬರುತ್ತೇನೆಂದಳಂತೆ. ಏನು ಹೇಳಿದೆ ಎಂದು ಮೆಟ್ಟಿಲ ಬಳಿ ತಡೆದು ಕೇಳಿದೆ. "ಕಾರ್ಡ ಹೋದ್ರೂ ಹೋಗಬಹುದು ಆಯಿ ಅಂದೆ," ಎಂದಳು. "ಹೋದ್ರ ಸೊಸಿ ನಿಮಗ ಅನ್ನ ಹಾಕ್ತಾಳೋ ಇಲ್ಲೋ, ಈಗs ಇಬ್ರೂ ಕೂತು ಮಾತಾಡ್ರಿ ಅಂತ ಹೇಳಿ ನಾ ಹೊರಗ ಕಟ್ಟಿಮ್ಯಾಲೆ ಹೋಗಿ ಕುಂತೆ. ತಾಸಾದ ಮ್ಯಾಲೆ ಆಯೀನs ಕರದ್ರು. ಮೊದಲ ಬಂದ ಬಾಯಿ ಏನೂ ಆಗೂದಿಲ್ಲ ಅಂತಿದ್ಲು, ಅದಕ್ಕs ಅಂಜಿಕಿ ಬಂದಿತ್ತು ಅಂದ್ರು." ಕೊನೆಯ ಮಾತನ್ನು ಆಕೆ ಹೇಳದೆ ಬಿಡಬಹುದಿತ್ತು. ಆದರೆ ಕೇಳಿದವಳು ನಾನು.

ಡಾಕ್ಟರರ ಸಾಕ್ಷ್ಯ ಮುಗಿದ ಮೇಲೆ ನನ್ನ ತಾರೀಖು ಬಂತು. ಕೋರ್ಟು ತುಂಬಿತ್ತು. ವಕೀಲರೊಬ್ಬರು ಕಟಕಟೆ ಹತ್ತುವುದನ್ನು ನೋಡಲು ಬೇರೆ ಕೋರ್ಟುಗಳಿಂದಲೂ ಬಂದಿದ್ದರು. ಕಪ್ಪು ಕೋಟು ತೆಗೆದು ಬರೀ ಸೀರೆಯಲ್ಲಿ ಹತ್ತಿ ನಿಂತು ಪ್ರಮಾಣ ಮಾಡಿದೆ. ನನ್ನ ಹೇಳಿಕೆ ಚಿಕ್ಕದು: ಆ ಸಾಲು ಸಾಕ್ಷಿಯದಲ್ಲ, ಹಳೆಯ ಅಫಿಡವಿಟ್ಟಿನಿಂದ ಬಂದದ್ದು, ಅತ್ತೆಯ ಹೆಸರು ತೆಗೆದಾಗ ನಾನೇ ತಡೆದೆ, ತಪ್ಪು ನನ್ನದು. ನನ್ನ ಹಳೆಯ ಜ್ಯೂನಿಯರ್ ಹೆಚ್ಚಿನ ಪ್ರಶ್ನೆ ಕೇಳದೆ ಕೂತಳು.

ವಿಮಾ ಕಂಪನಿಯ ವಕೀಲರು ಎದ್ದರು. ನನ್ನ ಇಪ್ಪತ್ತೇಳು ವರ್ಷಗಳ ವಕೀಲಿಯನ್ನು ಹೊಗಳಿದರು. ಇಷ್ಟು ಅನುಭವವಿರುವವರು ಎರಡು ವಾರ ಸಮಯವಿದ್ದಾಗ ಅದೇ ದಿನ ಅವಸರದಲ್ಲಿ ಅಫಿಡವಿಟ್ ಮಾಡುತ್ತಾರೆಯೇ ಎಂದರು. ಕಕ್ಷಿದಾರಳನ್ನು ಉಳಿಸಲು ಈಗ ತಪ್ಪನ್ನು ಮೈಮೇಲೆ ಹಾಕಿಕೊಳ್ಳುತ್ತಿದ್ದೀರಿ ಎಂದರು. ನಿಜವಾದರೆ ಹೇಳಿ, ಆ ದಿನ ಅಂಥ ಅವಸರ ಏನಿತ್ತು?

ಈ ಪ್ರಶ್ನೆ ಬರುತ್ತದೆಂದು ನನಗೆ ಗೊತ್ತಿತ್ತು. ಕೆಲಸದ ಒತ್ತಡ ಎಂಬ ಉತ್ತರವನ್ನು ತಯಾರಿಟ್ಟುಕೊಂಡಿದ್ದೆ. ಅದನ್ನು ಹೇಳಿದ್ದರೆ ಅವರು ಆ ದಿನದ ನನ್ನ ಕೇಸುಗಳ ಪಟ್ಟಿ ತೆಗೆದು ಒಂದೇ ಕೇಸಿತ್ತೆಂದು ತೋರಿಸುತ್ತಿದ್ದರು. ಇತ್ತು ಒಂದೇ ಕೇಸು. ಹಿಂದಿನ ಬೆಂಚಿನಲ್ಲಿ ಆ ಹೆಣ್ಣುಮಗಳು ಪಟ್ಟಿ ಬಿಚ್ಚಿದ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು.

"ಅವರು ಬೇರೆ ವಕೀಲರಿಗೆ ಕಾಗದ ತೋರಿಸುತ್ತೇವೆಂದರು," ಎಂದೆ ಮರಾಠಿಯಲ್ಲಿ. "ನನಗೆ ಮತ್ಸರವಾಯಿತು. ತೋರಿಸುವ ಮೊದಲೇ ಮುಗಿಸಿಬಿಡಬೇಕೆಂದು ಮಾಡಿದೆ."

ಯಾವ ವಕೀಲರ ಮೇಲೆ ಎಂದು ನ್ಯಾಯಾಧೀಶರೇ ಕೇಳಿದರು. ನಾನು ಅರ್ಜಿದಾರರ ಪರವಾಗಿ ನಿಂತಿದ್ದವಳ ಕಡೆ ಕೈ ಮಾಡಿದೆ. ಆಕೆ ಕಾಗದದೊಳಗೆ ಮುಖ ಹಾಕಿಕೊಂಡಳು. ಹಿಂದೆ ಯಾರೋ ನಕ್ಕರು, ನ್ಯಾಯಾಧೀಶರು ತಲೆ ಎತ್ತಿದ ಮೇಲೆ ಸುಮ್ಮನಾದರು. ಮತ್ಸರ ಎಂಬ ಮಾತನ್ನು ಅವರು ಹಾಗೆಯೇ ಬರೆಸಿದರು. ಬರೆದದ್ದನ್ನು ನನಗೆ ಓದಿ ಹೇಳಿದರು, ಸರಿಯಿದೆ ಎಂದು ನಾನು ಸಹಿ ಮಾಡಿದೆ. ಕಟಕಟೆ ಇಳಿದು ಹಿಂದಿನ ಬೆಂಚಿಗೆ ಹೋದೆ.

ನನ್ನ ಹಿಂದೆಯೇ ಮುದುಕಿಯನ್ನು ಕೈ ಹಿಡಿದು ಹತ್ತಿಸಿದರು. ಆರು ವರ್ಷದಿಂದ ಕಾರ್ಡಿನ ಮೇಲೆ ಹೋದದ್ದೆಲ್ಲ ಸೊಸೆ ಕಟ್ಟಿದ್ದೆಂದು ಹೇಳಿದಳು. ಕಾರ್ಡು ನಿನ್ನದು, ಬೀಡಿಯೂ ನೀನೇ ಕಟ್ಟಿದ್ದು, ಸೊಸೆಯ ಸಲುವಾಗಿ ಈ ಮಾತು ಹೇಳುತ್ತಿದ್ದೀ ಎಂದು ವಿಮಾ ವಕೀಲರು ಕೇಳಿದರು. ಮುದುಕಿ ಸೊಂಟದ ಚಂಚಿ ಬಿಚ್ಚಿ ಅದರೊಳಗಿಂದ ಕತ್ತರಿಸಿದ ಒಂದು ಬೀಡಿ ಎಲೆ, ಒಂದು ತುಂಡು ದಾರ ತೆಗೆದಳು. "ಕಟ್ಟಿ ತೋರಸ್ಲೇನ್ರಿ ಸಾಹೇಬ?" ಎಂದಳು. ಕಾರಕೂನರು ಅದನ್ನು ಮರಾಠಿಯಲ್ಲಿ ಹೇಳುವ ಮೊದಲೇ ನ್ಯಾಯಾಧೀಶರು ತಲೆಯಾಡಿಸಿದರು. ಎಲೆ ಹೇಗೋ ಸುತ್ತಿದಳು. ದಾರ ಮಾತ್ರ ಎಲೆಯ ಪಕ್ಕದಲ್ಲಿ ಗಾಳಿಯನ್ನೇ ಸುತ್ತುತ್ತಿತ್ತು. ಮೂರು ಸಲ ಪ್ರಯತ್ನಿಸಿದಳು, ಎಲೆ ಬಿಚ್ಚಿಕೊಂಡು ಕೆಳಗೆ ಬಿತ್ತು. ಹಿಂದಿನ ಬೆಂಚಿನಿಂದ ಸೊಸೆ, "ಸಾಕ್ ಬಿಡ್ರಿ, ಅತ್ತಿ," ಎಂದುಬಿಟ್ಟಳು. ಕೋರ್ಟಿನಲ್ಲಿ ಹಾಗೆ ಮಾತಾಡಬಾರದೆಂದು ಯಾರೂ ಆಕೆಯನ್ನು ಗದರಲಿಲ್ಲ.

ಹೊರಗೆ ಬಂದ ಮೇಲೆ ಆ ಎಲೆಯ ಉಪಾಯ ನಿನ್ನದೇ ಏನು ಎಂದು ನನ್ನ ಹಳೆಯ ಜ್ಯೂನಿಯರಳನ್ನು ಕೇಳಿದೆ. "ಇಲ್ರೀ ಅಕ್ಕಾ, ಖರೇನs ನನಗೂ ಗೊತ್ತಿರಲಿಲ್ಲ," ಎಂದಳು. ನಾನು ನಂಬಲಿಲ್ಲ. ನಂಬಿದ್ದರೆ ಅದೃಷ್ಟವೂ ಆಕೆಯ ಕಡೆಗೇ ಇದೆಯೆಂದು ಒಪ್ಪಬೇಕಾಗುತ್ತಿತ್ತು.

ತೀರ್ಪಿನ ದಿನ ನಾನು ಹಿಂದಿನ ಬೆಂಚಿನಲ್ಲಿ ಅತ್ತೆ ಸೊಸೆಯರ ನಡುವೆ ಕೂತಿದ್ದೆ. ನನಗೆ ಅಲ್ಲಿ ಬೇರೆ ಕೆಲಸವಿರಲಿಲ್ಲ, ಹೀಗಾಗಿ ನ್ಯಾಯಾಧೀಶರು ಓದಿದ್ದನ್ನು ಮೆಲ್ಲಗೆ ಕನ್ನಡದಲ್ಲಿ ಹೇಳುತ್ತಿದ್ದೆ. ಅರ್ಜಿದಾರಳು ಬೀಡಿ ಕಟ್ಟುವ ಕೆಲಸದವಳೆಂಬುದು ಸಾಬೀತಾಗಿದೆ. ಆ ಕೆಲಸವನ್ನು ಆಕೆ ಇನ್ನೆಂದೂ ಮಾಡಲಾರಳು. ದುಡಿಮೆ ಪೂರ್ತಿ ನಷ್ಟವಾಗಿದೆಯೆಂದು ಹಿಡಿಯಲಾಗಿದೆ. ಕಾರ್ಡಿನ ಬಗ್ಗೆ ಮುದುಕಿಯ ಮೇಲೆ ಒಂದು ಕೆಟ್ಟ ಮಾತೂ ಇರಲಿಲ್ಲ.

"ಅಂದ್ರ ನಾ ಸುಳ್ಳಿ ಅಲ್ಲಾ?" ಎಂದಳು ಸೊಸೆ.

"ಅಲ್ಲ. ನೀ ಹೇಳಿದ್ದೆಲ್ಲಾ ಖರೇ ಅಂತ ಬರದಾರ."

ಆಗ ಅತ್ತಳು. ಸೆರಗಿನೊಳಗಿನ ಕೈ ಹೊರಗೆ ಬಂತು, ಉಳಿದ ಬೆರಳುಗಳಿಂದ ನನ್ನ ಮಣಿಕಟ್ಟನ್ನು ಹಿಡಿದುಕೊಂಡಳು. ಮುದುಕಿ ಅತ್ತ ಕಡೆಯಿಂದ, "ಏನಂತ, ಏನಂತ?" ಎಂದು ನನ್ನ ತೊಡೆ ತಟ್ಟುತ್ತಿದ್ದಳು. ಕಾರಿಡಾರಿಗೆ ಬಂದದ್ದೇ ಆ ಹೆಣ್ಣುಮಗಳು ನನ್ನ ಹಳೆಯ ಜ್ಯೂನಿಯರಳ ಕಾಲಿಗೆ ಬಗ್ಗಿದಳು. ಆಕೆ ಹಿಡಿದೆತ್ತಿ, "ನನಗಲ್ಲವ್ವಾ, ಮೊದಲ ಅಕ್ಕಾಗ ಮಾಡು. ಅವರು ಹೇಳದಿದ್ರ ಈ ಕೇಸ್ ನಿಂದ್ರತಿರಲಿಲ್ಲ," ಎಂದಳು. ನಾಟಕವಲ್ಲ ಅದು, ಮನಸ್ಸಿನಿಂದಲೇ ಹೇಳಿದ್ದು. ಕೇಸು ಗೆದ್ದದ್ದನ್ನು ಸಹಿಸಬಹುದಿತ್ತು. ಗೆದ್ದು ಅದನ್ನು ನನ್ನ ಕೈಗೆ ಕೊಡುವಷ್ಟು ದೊಡ್ಡ ಮನಸ್ಸೂ ಆಕೆಗೇ ಇರಬೇಕೇ ಎಂದು ಕಣ್ಣು ತುಂಬಿತು. ಎಲ್ಲರೂ ಆನಂದಬಾಷ್ಪವೆಂದುಕೊಂಡರು.

ತೀರ್ಪಿನ ಪ್ರತಿಯನ್ನು ನಾನೂ ಒಂದು ತೆಗೆಸಿಕೊಂಡೆ. ಮೊದಲ ಪುಟದಲ್ಲಿ ಅರ್ಜಿದಾರರ ವಕೀಲರೆಂಬಲ್ಲಿ ಆಕೆಯ ಹೆಸರಿದೆ, ಅದು ಈಗಲೂ ಕಣ್ಣಿಗೆ ಚುಚ್ಚುತ್ತದೆ. ನನ್ನ ಹೆಸರು ಒಳಗೆ, ಸಾಕ್ಷಿಗಳ ಸಾಲಿನಲ್ಲಿದೆ. ಅಲ್ಲಿ ನ್ಯಾಯಾಧೀಶರು ಬರೆದಿದ್ದಾರೆ: ಈ ಸಾಕ್ಷಿಯು ತಾನು ಮತ್ಸರದಿಂದ ನಡೆದುಕೊಂಡೆನೆಂದು ತುಂಬಿದ ನ್ಯಾಯಾಲಯದಲ್ಲಿ ಒಪ್ಪಿಕೊಂಡಿದ್ದಾರೆ, ಅವರ ಮಾತನ್ನು ನಂಬದಿರಲು ಯಾವ ಕಾರಣವೂ ಇಲ್ಲ. ಇಪ್ಪತ್ತೇಳು ವರ್ಷ ಆ ಕೋರ್ಟುಗಳಲ್ಲಿ ನಿಂತು ಎಷ್ಟೋ ವಾದ ಮಾಡಿದ್ದೇನೆ. ನಾನು ಹೇಳಿದ್ದನ್ನು ಒಂದಕ್ಷರವೂ ಕಡಿಮೆ ಮಾಡದೆ ಒಬ್ಬ ನ್ಯಾಯಾಧೀಶರು ನಂಬಿದ್ದು ಅದೊಂದೇ ಸಲ.